ಬ್ರಾಂದಿ ಬಲ್ಲ ಗುಮಾಸ್ತ

ಬಾಯಿ ಮುಚ್ಚಿಕೊಂಡು ಊಟ ಮಾಡಿದ್ದರೆ ಗುಮಾಸ್ತನಿಗೆ ಈ ಗತಿ ಬರುತ್ತಿರಲಿಲ್ಲ. ಬಣ್ಣದ ಕಾರ್ಖಾನೆಯ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಸಾಹೇಬರ ಮನೆಯ ಫ್ರೆಂಚ್ ಬ್ರಾಂದಿಯ ಮಾತು ಬಂತು. ಮಗಳ ಮದುವೆಯಲ್ಲಿ ಬೀಗರು ಕೊಟ್ಟ ಬಾಟಲಿ. ದ್ರಾಕ್ಷಿಯದಂತೆ, ಸೋಡಾ ಬೆರೆಸಬೇಕಂತೆ ಎಂದು ಸ್ಟೋರ್‌ಕೀಪರ್ ಕೊಚ್ಚುತ್ತಿದ್ದ. ಅವನನ್ನು ಸುಮ್ಮನಾಗಿಸಲು ಗುಮಾಸ್ತ, "ಅದನ್ನ ಕುಡಿಯೋದಲ್ಲಪ್ಪಾ, ಅರ್ಥ ಮಾಡ್ಕೊಳ್ಳೋದು" ಎಂದುಬಿಟ್ಟ. ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಕ್ಷೌರದಂಗಡಿಯ ಹಳೇ ಪತ್ರಿಕೆಯಲ್ಲಿ ಓದಿದ ಸಾಲು ಅದು.

ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ಹಡಗಿನ ಕೆಲಸದಲ್ಲಿ ದೇಶ ದೇಶ ಸುತ್ತಿದ ಬೀಗರು ಆ ಸಂಜೆಯೇ ಬರುವವರಿದ್ದರು. ಬ್ರಾಂದಿ ಹೇಗಿತ್ತು ಎಂದು ಕೇಳದೆ ಬಿಡುವ ಆಸಾಮಿಯಲ್ಲ. ಸಾಹೇಬರಿಗೋ ಹೇಗೆ ಕುಡಿಯಬೇಕೆಂದು ತಿಳಿಯದೆ ಬಾಟಲಿಯ ಬಿರಡೆ ತೆಗೆಯುವ ಧೈರ್ಯವೇ ಬಂದಿರಲಿಲ್ಲ.

"ಸಂಜೆ ಮನೆಗೆ ಬನ್ನಿ. ನನ್ನ ಮಾನ ನಿಮ್ಮ ಕೈಲಿದೆ" ಎಂದರು.

ಗುಮಾಸ್ತನ ಬಾಳು ಅವರ ಕೈಲಿತ್ತು. ಹೆಂಡತಿಯಿರುವ ಊರಿಗೆ ವರ್ಗ ಮಾಡಿಸಿಕೊಡಿ ಎಂದು ಅವನು ಅಂಗಲಾಚಲು ಶುರುಮಾಡಿದ ಮೇಲೆ ಅಲ್ಲಿ ಅವನ ಮಗಳಿಗೆ ಹಲ್ಲು ಬಂದು, ಬಿದ್ದು, ಮತ್ತೆ ಬಂದಿದ್ದವು. ಇವನು ಇಲ್ಲಿ ಒಬ್ಬನೇ ಸೀದ ಅನ್ನ ತಿನ್ನುತ್ತಿದ್ದ. ಇವತ್ತು ಸಾಹೇಬರ ಮುಖ ಉಳಿಸಿದರೆ ವರ್ಗ ಖಂಡಿತ ಎಂದುಕೊಂಡ.

ಮನೆಗೆ ಓಡಿಬಂದು ಅಕ್ಕಪಕ್ಕದವರನ್ನು ಕೇಳಿದ. ಮನೆಯೊಡತಿ ಅಜ್ಜಿ, ಬ್ರಾಂದಿಯನ್ನು ಎದೆಗೆ ತಿಕ್ಕಬೇಕೆಂದಳು. ದರ್ಜಿ, ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಎತ್ತಬೇಕೆಂದ. ಎದುರುಮನೆ ಕಾಂಪೌಂಡರ್ ಮಾತ್ರ ಅಭ್ಯಾಸ ಮುಖ್ಯವೆನ್ನುತ್ತ ಕೆಮ್ಮಿನ ಔಷಧಿಯನ್ನು ಲೋಟಕ್ಕೆ ಸುರಿದು ಕೊಟ್ಟ. ದರ್ಜಿ ಹೇಳಿದಂತೆ ಎತ್ತಿದ ಗುಮಾಸ್ತ ಅಷ್ಟನ್ನೂ ಇದ್ದೊಂದು ಇಸ್ತ್ರಿಯ ಅಂಗಿಯ ಮೇಲೆ ಕಕ್ಕಿದ.

ಪಾಪವೆನಿಸಿ ದರ್ಜಿ ಗಿರಾಕಿಯೊಬ್ಬನ ಹೊಸ ಕೋಟನ್ನು ತಂದು ತೊಡಿಸಿದ. ಗಿರಾಕಿ ಕುಳ್ಳ. ಗುಂಡಿ ಹಾಕಿದ ಮೇಲೆ ಗುಮಾಸ್ತನ ಕೈ ಎದೆಯಿಂದ ಮೇಲಕ್ಕೆ ಏಳಲೇ ಇಲ್ಲ.

"ಕೈ ಎತ್ತಬೇಡಿ ಮಾರಾಯ್ರೇ, ಹೊಲಿಗೆ ಬಿಟ್ರೆ ನಾನು ಕೆಟ್ಟೆ" ಎಂದು ದರ್ಜಿ ಬೀದಿಯ ತುದಿಯವರೆಗೂ ಹೇಳುತ್ತ ಬಂದ.

ಸಾಹೇಬರ ಮನೆಯಲ್ಲಿ ಹೊಟ್ಟೆ ದಪ್ಪದ ಗಾಜಿನ ಲೋಟಕ್ಕೆ ಜೇನಿನ ಬಣ್ಣದ ಬ್ರಾಂದಿ ಬಿತ್ತು. ಬೀಗರು ಮೀಸೆ ತೀಡುತ್ತ ಗುಮಾಸ್ತನನ್ನೇ ನೋಡುತ್ತಿದ್ದರು. ಲೋಟ ಬಾಯಿಗೆ ಹೋಗುವಂತಿಲ್ಲ. ಕೈಜಾರಿ ಬೀಳಬಾರದೆಂದು ಅವನು ಅದನ್ನು ಎರಡೂ ಅಂಗೈಯಲ್ಲಿ ತಬ್ಬಿ, ಎದೆಗಾನಿಸಿಕೊಂಡು ಕೂತ. ಎಷ್ಟು ಹೊತ್ತು ಹೀಗೇ ಕೂರುವುದು? ಕೊನೆಗೆ ತಲೆಯನ್ನೇ ಬಗ್ಗಿಸಿದ. ಬಾಯಿಗಿಂತ ಮೊದಲು ಮೂಗು ಹೋಯಿತು.

ಮೊದಲು ಒಣದ್ರಾಕ್ಷಿಯ ಘಮ. ಅದರ ಹಿಂದೆ ಹಳೇ ಮರದ ವಾಸನೆ. ಹೆಂಡತಿಯ ಬಟ್ಟೆಯ ಬೀರು ತೆರೆದಾಗ ಹೀಗೇ ಇರುತ್ತಿತ್ತು.

"ಮುಚ್ಚಿಟ್ಟ ಮರದ ಬೀರು... ಯಾರೋ ಬಂದು ತೆಗೀಲಿ ಅಂತ ಕಾಯ್ತಾ ಇರೋ ಹಾಗಿದೆ" ಎಂದ. ಕಣ್ಣು ತುಂಬಿತ್ತು.

ಬೀಗರು ತೊಡೆ ತಟ್ಟಿಕೊಂಡರು. "ಇದನ್ನ ಮರದ ಪೀಪಾಯಿಲಿ ವರ್ಷಗಟ್ಟಲೆ ಮಲಗಿಸ್ತಾರೆ ಕಣ್ರೀ! ಅಂಗೈ ಶಾಖ ಕೊಟ್ಟು, ಮೊದಲು ಮೂಗಿಗೆ ತೋರಿಸಿ ಅಂತ ಬಡ್ಕೊಂಡ್ರೂ ಯಾರೂ ಕೇಳಲ್ಲ. ಇವರೊಬ್ಬರು ಬಲ್ಲವರು."

ಗುಮಾಸ್ತ ಇನ್ನಷ್ಟು ಬಗ್ಗಿ ತುಟಿ ತೋಯಿಸಿದ. ನಾಲಿಗೆ ಸುರ್ ಎಂದಿತು, ಆಮೇಲೆ ಸಿಹಿಯಾಯಿತು. ಹಿತವಾದ ಬಿಸಿಯೊಂದು ಎದೆಯೊಳಗೆ ಹರಡಿತು. ನಿಜಕ್ಕೂ ಚೆನ್ನಾಗಿತ್ತು! ಬೀಗರು ಎದ್ದು ಬಂದು ಅವನ ಬೆನ್ನು ತಟ್ಟಿದರು. ಸಾಹೇಬರು ಹಿಗ್ಗಿ ಒಳಗೆ ಹೋಗಿ, ಫೋನಿನಲ್ಲಿ ಮಾತಾಡಿ ಬಂದರು. ಜೀವಮಾನದಲ್ಲೇ ಮೊದಲ ಸಲ ಗುಮಾಸ್ತ ಗೆದ್ದಿದ್ದ. ವರ್ಗದ ಮಾತೆತ್ತಲು ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಸಾಹೇಬರೇ ಅವನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮನ್ನ ನಾಳೆನೇ ಹೆಂಡತಿ ಊರಿಗೆ ಕಳಿಸ್ತೀನಿ ಅಂತ ಬೆಳಿಗ್ಗೆ ಹೆಡ್ಡಾಫೀಸಿಗೆ ಹೇಳಿಬಿಟ್ಟಿದ್ದೆ ಕಣ್ರೀ. ಈಗ ಫೋನ್ ಮಾಡಿ ಬೇಡ ಅಂದೆ. ಇನ್ಮೇಲೆ ಬೀಗರು ತಿಂಗಳು ತಿಂಗಳೂ ಬರ್ತಾರಂತೆ. ನಿಮ್ಮಂಥವರನ್ನ ಬಿಟ್ಟುಕೊಡೋಕಾಗುತ್ತಾ?"

ಗುಮಾಸ್ತ ಲೋಟದತ್ತ ನೋಡಿದ. ಈ ಸಲ ಮೂಸಲಿಲ್ಲ. ಕೈಯನ್ನು ಪೂರ್ತಿ ಮೇಲಕ್ಕೆತ್ತಿ, ಇದ್ದಷ್ಟನ್ನೂ ಗಟಗಟನೆ ಕುಡಿದ. ಕೋಟಿನ ಎರಡೂ ಕಂಕುಳು ಪರ್‍ರೆಂದು ಹರಿದವು.