ಗುಮಾಸ್ತರು ಕೆರೆಗೆ ಇಳಿದದ್ದು

ಇಡೀ ರಾದ್ಧಾಂತಕ್ಕೆ ಕಾರಣ ವಿಜ್ಞಾನದ ಮೇಡಂ ಅವರ ಗಂಟಲು. ಮೂರನೇ ತರಗತಿಯ ಮಕ್ಕಳನ್ನು ಕೆರೆಯ ದಡಕ್ಕೆ ಕರೆದೊಯ್ದು, ನೀರು, ಹುಳ, ಪಾಚಿಗಳನ್ನು ಅವರ ಕೈಯಿಂದಲೇ ಮುಟ್ಟಿಸಿ ಪಾಠ ಮಾಡಬೇಕಿದ್ದ ದಿನವೇ ಅದು ಕಟ್ಟಿಕೊಂಡಿತು. ಬಾಯಿ ತೆರೆದರೆ ಬರೀ ಗಾಳಿ. ದೊಡ್ಡ ಮೇಡಂ, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಬದಲಿಗೆ ಯಾರಿದ್ದಾರೆಂದು ಹುಡುಕಿಕೊಂಡು ಬಂದಾಗ ಕಣ್ಣಿಗೆ ಬಿದ್ದವರು ಗುಮಾಸ್ತರು.

ಗುಮಾಸ್ತರು ಆಗ ಕೆಲಸದಲ್ಲೇ ಇದ್ದರು. ಒಂದನೇ ತರಗತಿಯ ಹುಡುಗಿಯೊಬ್ಬಳ ಉದುರಿದ ಹಲ್ಲನ್ನು ಕಾಗದದಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಆಫೀಸಿನ ಕಿಟಕಿ ಆಟದ ಬಯಲಿಗೆ ತೆರೆದುಕೊಂಡಿದ್ದರಿಂದ ಶಾಲೆಯ ಮಕ್ಕಳ ಕಷ್ಟಸುಖವೆಲ್ಲ ಅಲ್ಲಿಗೇ ಬರುತ್ತಿತ್ತು. ‘ಸರ್, ನನ್ನ ಒಂದು ಚಪ್ಪಲಿ ಕಾಣ್ತಿಲ್ಲ’, ‘ಸರ್, ಇವನು ನನ್ನನ್ನೇ ನೋಡ್ತಾನೆ’, ‘ಸರ್, ಮೂಗೊಳಗೆ ರಬ್ಬರ್ ಹೋಯ್ತು’. ಈ ಪಾಪದ ಮನುಷ್ಯನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ: ಶಿಕ್ಷಣ ಇಲಾಖೆಯ ದೊಡ್ಡ ಕಚೇರಿಗೆ ವರ್ಗವಾಗಬೇಕು. ಅಲ್ಲಿ ಒಂದು ಮೇಜು, ತಲೆಯ ಮೇಲೊಂದು ಫ್ಯಾನು, ಸುತ್ತ ತೂಕಡಿಸುವ ಹಿರಿಯರು. ಮಕ್ಕಳು ಆ ಕಟ್ಟಡದ ಮೆಟ್ಟಿಲನ್ನೇ ಹತ್ತುವುದಿಲ್ಲವೆಂದು ಅವರು ವಿಚಾರಿಸಿ ತಿಳಿದುಕೊಂಡಿದ್ದರು.

ದೊಡ್ಡ ಮೇಡಂಗೂ ಇದು ಗೊತ್ತಿತ್ತು.

“ನೋಡಿ, ಇವತ್ತು ದೊಡ್ಡ ಕಚೇರಿಯಿಂದ ಸಾಹೇಬ್ರು ಬರ್ತಿದಾರೆ. ಮಕ್ಕಳನ್ನ ಕೆರೆಗೆ ಕರ್ಕೊಂಡು ಹೋಗಿ, ಹೋದ ಹಾಗೇ ವಾಪಸ್ ಕರ್ಕೊಂಡು ಬನ್ನಿ. ಎಲ್ಲಾನೂ ಮುಟ್ಟಲಿ, ಆದ್ರೆ ಯಾರ ಬಿಳಿ ಅಂಗಿ ಮೇಲೂ ಒಂದು ಚುಕ್ಕೆ ಕೆಸರಿರಬಾರದು. ಹೋದ ಸಲ ತಾಯಂದಿರು ಬಂದು ನನ್ನ ಜೀವ ತಿಂದ್ರು. ಇದೊಂದು ಮಾಡಿಕೊಡಿ, ನಿಮ್ಮ ವರ್ಗದ ಮಾತು ನಾನೇ ಸಾಹೇಬ್ರ ಕಿವಿಗೆ ಹಾಕ್ತೀನಿ.”

“ಆದ್ರೆ ಮೇಡಂ, ನಂಗೆ ವಿಜ್ಞಾನ ಬರಲ್ಲ.”

ವಿಜ್ಞಾನದ ಮೇಡಂ ಹತ್ತಿರ ಬಂದು ಪಿಸುಗುಟ್ಟಿದರು: “ಬರದೇ ಇದ್ರೇ ಒಳ್ಳೇದು ಸರ್. ಉತ್ತರ ನಾವು ಹೇಳಬಾರದು. ಮಕ್ಕಳೇ ನೋಡ್ಬೇಕು, ಊಹಿಸ್ಬೇಕು, ಮಾಡಿ ನೋಡ್ಬೇಕು. ಏನೇ ಕೇಳಿದ್ರೂ ‘ನೀವೇ ಕಂಡುಹಿಡೀರಿ’ ಅನ್ನಿ, ಸಾಕು.”

ಇಷ್ಟು ಸುಲಭದ ಕೆಲಸಕ್ಕೆ ಸಂಬಳ ಕೊಡುತ್ತಾರಲ್ಲ ಎಂದು ಗುಮಾಸ್ತರಿಗೆ ಸೋಜಿಗವಾಯಿತು. ಮಕ್ಕಳನ್ನು ಸಾಲು ಕಟ್ಟಿಸಿ, ಊಟದ ಡಬ್ಬಿ ಬಗಲಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಸಾಲಿನ ಮುಂದೆ ಇದ್ದವಳು ದಪ್ಪ ಕನ್ನಡಕದ, ಎರಡು ಜಡೆಯ ಹುಡುಗಿ. ಅವಳ ವಾದದ ಚಪಲಕ್ಕೆ ಶಾಲೆಯವರೆಲ್ಲ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ಕೊನೆಯಲ್ಲಿ ಬರುತ್ತಿದ್ದವನು ಗುಂಡ. ಅವನ ಕಣ್ಣು ಕೆರೆಗಿಂತ ಹೆಚ್ಚಾಗಿ ಗುಮಾಸ್ತರ ಡಬ್ಬಿಯ ಮೇಲಿತ್ತು.

ಕೆರೆಯ ದಡದಲ್ಲಿ ಮೊದಲರ್ಧ ಗಂಟೆ ಎಲ್ಲ ಸುಸೂತ್ರವಾಗಿ ನಡೆಯಿತು.

“ಸರ್, ಆ ಹುಳ ನೀರಿನ ಮೇಲೇ ನಡೀತಿದೆ. ಯಾಕೆ ಮುಳುಗಲ್ಲ?”

“ನೀವೇ ಕಂಡುಹಿಡೀರಿ.”

“ಸರ್, ಮೀನಿಗೆ ಬಾಯಾರಿಕೆ ಆಗುತ್ತಾ?”

“ನೀವೇ ಕಂಡುಹಿಡೀರಿ.”

ಗುಮಾಸ್ತರು ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, ದೊಡ್ಡ ಕಚೇರಿಯ ಫ್ಯಾನಿನ ಗಾಳಿಯನ್ನು ಮನಸ್ಸಿನಲ್ಲೇ ಸವಿಯತೊಡಗಿದರು. ಅಷ್ಟರಲ್ಲಿ ಲಾಯರಮ್ಮ ಖಾಲಿ ಬಾಟಲಿ ಹಿಡಿದು ನಿಂತಳು. ಭೂತಗನ್ನಡಿಯಲ್ಲಿ ನೋಡಲು ಕೆರೆಯ ನೀರು ಬೇಕಂತೆ, ಅದೂ ದಡದ್ದಲ್ಲ, ಒಳಗಿನದೇ ಆಗಬೇಕಂತೆ. ಹೇಳುತ್ತಲೇ ಷೂ ಬಿಚ್ಚತೊಡಗಿದಳು. ಹಿಂದೆ ಇನ್ನೂ ಹತ್ತು ಜನ ಬಿಚ್ಚತೊಡಗಿದರು. ಅಷ್ಟೂ ಬಿಳಿ ಅಂಗಿಗಳು, ಅಷ್ಟೂ ತಾಯಂದಿರು ಗುಮಾಸ್ತರ ಕಣ್ಣಮುಂದೆ ಹಾದುಹೋದರು.

“ಯಾರೂ ಇಳೀಬೇಡಿ! ಕೊಡಮ್ಮ ಇಲ್ಲಿ, ನಾನೇ ತರ್ತೀನಿ!”

ಪ್ಯಾಂಟು ಮಡಚಿ, ಷೂ ಬಿಚ್ಚುವುದನ್ನೂ ಮರೆತು, ಬಗಲಿನ ಡಬ್ಬಿಯ ಸಮೇತ ಅವರು ಇಳಿದರು. ಮೂರನೇ ಹೆಜ್ಜೆಗೆ ಕೆಸರು ಪಾದ ನುಂಗಿತು. ಬಲಗಾಲು ಕೀಳಲು ಹೋದರೆ ಎಡಗಾಲು ಇಳಿಯಿತು, ಎಡಗಾಲು ಕೀಳಲು ಹೋದರೆ ಬಲಗಾಲು. ಎರಡೂ ಕಾಲಿಗೆ ನ್ಯಾಯ ಒದಗಿಸುವಷ್ಟರಲ್ಲಿ ಕೆಸರು ಮೊಣಕಾಲು ಮುಟ್ಟಿತ್ತು.

“ಸರ್ ಗಿಡ್ಡ ಆಗ್ತಿದಾರೆ!” ಎಂದು ಗುಂಡ ಖುಷಿಯಿಂದ ಕೂಗಿದ.

“ಎಳೀರೋ! ಯಾರಾದ್ರೂ ಬಂದು ಕೈ ಹಿಡಿದು ಎಳೀರೋ!”

“ಬಂದ್ರೆ ಕೆಸರಾಗುತ್ತೆ ಸರ್. ಇಳೀಬೇಡಿ ಅಂತ ನೀವೇ ಅಂದ್ರಲ್ಲ?” ಎಂದಳು ಲಾಯರಮ್ಮ.

“ಹಾಗಾದ್ರೆ ನಾನು ಮೇಲೆ ಬರೋದು ಹೇಗೆ?”

ಮಕ್ಕಳೆಲ್ಲ ಒಂದೇ ದನಿಯಲ್ಲಿ, ಸ್ವಲ್ಪವೂ ಕುಚೋದ್ಯವಿಲ್ಲದೆ ಹೇಳಿದರು: “ನಾವೇ ಕಂಡುಹಿಡೀತೀವಿ ಸರ್!”

ಅಲ್ಲಿಗೆ ವಿಜ್ಞಾನ ಶುರುವಾಯಿತು. ಮಕ್ಕಳು ದಡದಲ್ಲಿ ಸಾಲಾಗಿ ಕುಳಿತು ಗುಮಾಸ್ತರನ್ನೇ ದಿಟ್ಟಿಸಿದರು. ಆ ಹೊತ್ತಿಗೆ ಕೆರೆಯ ಸುತ್ತ ಓಡಾಡುವ ನಿವೃತ್ತ ಇಂಜಿನಿಯರು ಮತ್ತು ಅವರ ಹೆಂಡತಿಯೂ ಬಂದು ಸೇರಿಕೊಂಡರು. ಸಹಾಯ ಸಿಕ್ಕಿತೆಂದು ಗುಮಾಸ್ತರು ಕೈಮುಗಿದರು.

“ಅಲ್ಲಾಡಬೇಡಿ! ಅಲ್ಲಾಡಿದಷ್ಟೂ ಒಳಗೆ ಹೋಗ್ತೀರಿ,” ಎಂದರು ಇಂಜಿನಿಯರು.

“ಏನೂ ಇಲ್ಲ, ಅಲ್ಲಾಡ್ತಾನೇ ಇರಿ,” ಎಂದರು ಅವರ ಹೆಂಡತಿ. “ರೀ, ಮನೇಲಿ ನಲ್ಲಿ ರಿಪೇರಿ ಮಾಡೋಕೆ ಬರಲ್ಲ ನಿಮಗೆ, ಇಲ್ಲಿ ಬುದ್ಧಿ ಹೇಳೋಕೆ ಬಂದ್ರಾ?”

“ನಲ್ಲಿ ಮಾತು ಇಲ್ಲಿ ಯಾಕೆ ತೆಗೀತೀಯ?”

ಗಂಡಹೆಂಡಿರ ಜಗಳ ನಲ್ಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮದುವೆಯಾದ ಹೊಸ ದಿನಗಳಿಗೆ ಹೋಯಿತು. ಗುಮಾಸ್ತರು ಅರ್ಧ ಹೂತುಕೊಂಡೇ ಕೇಳಿಸಿಕೊಳ್ಳಬೇಕಾಯಿತು.

ಮೊದಲ ಊಹೆ ಗುಂಡನದು. “ಸರ್ ಭಾರ ಜಾಸ್ತಿ ಇದ್ದಾರೆ. ಡಬ್ಬಿ ಈ ಕಡೆ ಎಸೀರಿ ಸರ್.” ಗುಮಾಸ್ತರು ಎಸೆದರು. ಗುಂಡ ಅದನ್ನು ತೆರೆದು, ಬ್ರೆಡ್ಡು, ಬಾಳೆಹಣ್ಣು ಎಲ್ಲ ಮುಗಿಸಿ, “ಏನೂ ವ್ಯತ್ಯಾಸ ಆಗಿಲ್ಲ,” ಎಂದು ಗಂಭೀರವಾಗಿ ವರದಿ ಒಪ್ಪಿಸಿದ.

ಲಾಯರಮ್ಮ ಮಾತ್ರ ಸುಮ್ಮನೆ ಕೂರಲಿಲ್ಲ. ಒಂದು ಕೋಲನ್ನು ದಡದ ಹಸಿ ಮಣ್ಣಿಗೆ ಚುಚ್ಚಿ ನೇರಕ್ಕೆ ಎಳೆದಳು, ಬರಲಿಲ್ಲ. ಅದನ್ನೇ ಸುತ್ತಲೂ ಅಲುಗಿಸಿ, ಪಕ್ಕದಲ್ಲಿ ನೀರು ಸುರಿದು ಎಳೆದಳು, ಸಲೀಸಾಗಿ ಬಂತು.

“ಈ ಅಜ್ಜಿ ಹೇಳಿದ್ದೇ ಸರಿ! ಸರ್, ಕಾಲನ್ನ ಮೆಲ್ಲಗೆ ತಿರುಗಿಸ್ತಾ ಇರಿ. ಸಂದಿಗೆ ನೀರು ಹೋಗ್ಬೇಕು.”

ಇಂಜಿನಿಯರ ಹೆಂಡತಿ ಗಂಡನ ಕಡೆ ಒಂದು ನೋಟ ಬೀರಿದರು.

“ಸರ್, ಅಲ್ಲಿ ಕೆಸರಲ್ಲಿ ನಿಂತಿರೋ ಕೊಕ್ಕರೆ ಯಾಕೆ ಹೂತುಕೊಳ್ತಿಲ್ಲ ಗೊತ್ತಾ?” ಬಾಳೆಹಣ್ಣಿನ ಬಲದಿಂದ ಗುಂಡನ ತಲೆಯೂ ಓಡತೊಡಗಿತ್ತು. “ಅದರ ಬೆರಳು ಇಷ್ಟಗಲ ಇದೆ. ನೀವೂ ಅಗಲ ಆಗಿ ಸರ್!”

ಅಗಲವಾಗುವುದೆಂದರೆ ಮಲಗುವುದು. ಮಕ್ಕಳು ದಡದಲ್ಲಿ ಬಿದ್ದಿದ್ದ ಹಳೆಯ ಬಾಗಿಲೊಂದನ್ನು ಕೋಲುಗಳಿಂದ ತಳ್ಳಿ ಅವರ ಮುಂದಕ್ಕೆ ಮುಟ್ಟಿಸಿದರು. ಗುಮಾಸ್ತರು ಅದರ ಮೇಲೆ ಬೋರಲು ಬಿದ್ದು, ಕಾಲು ತಿರುಗಿಸಿ ತಿರುಗಿಸಿ, ಒಂದೊಂದೇ ಅಂಗುಲ ಮೇಲೆ ಬಂದರು. ಬಲಗಾಲು ಬಂತು. ಎಡಗಾಲು ಬಂತು. ಎರಡೂ ಷೂಗಳು ಕೆರೆಗೇ ಸಂದವು. ಹಲ್ಲಿಯಂತೆ ತೆವಳಿ ದಡ ಸೇರಿದಾಗ ಮಕ್ಕಳು ಕುಣಿದಾಡಿದರು. ಗುಮಾಸ್ತರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಂದೂ ಇಲ್ಲದ ಹಾಗೆ ಈ ಮಕ್ಕಳ ಮೇಲೆ ಅಕ್ಕರೆಯೇ ಉಕ್ಕಿತು.

ತಲೆ ಎತ್ತಿ ನೋಡಿದರೆ ಏರಿಯ ಮೇಲೆ ದೊಡ್ಡ ಮೇಡಂ. ಅವರ ಪಕ್ಕದಲ್ಲಿ ಸಾಹೇಬರು.

ಎಲ್ಲ ಮುಗಿಯಿತು ಎಂದುಕೊಂಡರು ಗುಮಾಸ್ತರು. ಆದರೂ ತಮ್ಮ ಪಾಲಿನದನ್ನು ಹೇಳದೆ ಇರಲಾಗಲಿಲ್ಲ. “ಮೇಡಂ, ಮಕ್ಕಳ ಮೇಲೆ ಒಂದು ಚುಕ್ಕೆ ಇಲ್ಲ. ಬೇಕಾದ್ರೆ ನೋಡಿಕೊಳ್ಳಿ.”

ಸಾಹೇಬರು ನೋಡಿದರು. ಅಂಗಿಗಳನ್ನಲ್ಲ, ಮಕ್ಕಳನ್ನು. ಕೆಸರು ಕಾಲನ್ನು ಯಾಕೆ ಹಿಡಿಯುತ್ತದೆ, ನೀರು ಹೋದರೆ ಯಾಕೆ ಬಿಡುತ್ತದೆ, ಅಗಲವಾದರೆ ಯಾಕೆ ಹೂತುಕೊಳ್ಳುವುದಿಲ್ಲ, ಎಲ್ಲವನ್ನೂ ಮಕ್ಕಳು ನಾ ಮುಂದು ತಾ ಮುಂದು ಎಂದು ಒಪ್ಪಿಸಿದರು. ಸಾಹೇಬರ ಮುಖ ಅರಳಿತು.

“ಅದ್ಭುತ! ಪಾಠಕ್ಕೋಸ್ಕರ ತಾವೇ ಕೆಸರಿಗಿಳಿಯೋ ಮನುಷ್ಯನ್ನ ನಾನು ನೋಡೇ ಇರಲಿಲ್ಲ. ಮೇಡಂ, ಇವರು ವರ್ಗ ಕೇಳಿದ್ರು ಅಂದ್ರಲ್ಲ? ಇವತ್ತೇ ಮಂಜೂರು. ಇಂಥವರು ನಮ್ಮ ದೊಡ್ಡ ಕಚೇರೀಲೇ ಇರಬೇಕು.”

ಗುಮಾಸ್ತರ ಕಣ್ಣಲ್ಲಿ ನೀರೇ ಬಂತು. ಮುಖದ ಕೆಸರು ಎರಡು ಗೆರೆಯಾಗಿ ತೊಳೆದುಹೋಯಿತು.

“ಸರ್, ನನ್ನ ಮೇಜು... ಫ್ಯಾನಿನ ಕೆಳಗೇ ಇರುತ್ತಾ?”

“ಮೇಜು ಯಾಕ್ರೀ ನಿಮಗೆ? ಜೀಪು ಕೊಡ್ತೀನಿ! ನಮ್ಮ ಕೆಳಗೆ ಎಷ್ಟು ಪ್ರಾಥಮಿಕ ಶಾಲೆಗಳಿವೆಯೋ ಅಷ್ಟೂ ಕಡೆ ಈ ಪಾಠ ಆಗಬೇಕು. ದಿನಕ್ಕೊಂದು ಶಾಲೆ, ದಿನಕ್ಕೊಂದು ಕೆರೆ. ನೀವು ಹೂತುಕೊಳ್ಳಿ, ಮಕ್ಕಳು ಎತ್ತಲಿ.”

ಗುಮಾಸ್ತರು ಬಾಯಿ ತೆರೆದರು. ಬೆಳಿಗ್ಗೆ ವಿಜ್ಞಾನದ ಮೇಡಂಗೆ ಬಂದ ಹಾಗೆ ಬರೀ ಗಾಳಿ ಬಂತು.

ಸಾಹೇಬರು ಆಗಲೇ ಜೇಬಿನಿಂದ ಫೋನು ತೆಗೆದು, ಬಿಸಿಲು ಯಾವ ಕಡೆಯಿದೆ ಎಂದು ನೋಡುತ್ತಿದ್ದರು.

“ನಾವು ಬಂದಿದ್ದು ಸ್ವಲ್ಪ ತಡ ಆಯ್ತು, ಶುರು ನೋಡೋಕಾಗ್ಲಿಲ್ಲ. ಬೇರೆ ಶಾಲೆಗಳಿಗೆ ಕಳಿಸೋಕೆ ವಿಡಿಯೋ ಬೇಕು. ಇನ್ನೊಂದು ಸಲ ಇಳೀರಿ. ಈ ಸಲ ಸೊಂಟದವರೆಗೂ ಹೋಗಿ.”