ಅತ್ತೆಯ ಮಂಡಿ, ಮಾವನ ಕುರ್ಚಿ

ಮಾವನ ಕುರ್ಚಿಗೆ ಗರಗಸ ಮುಟ್ಟಿಸುವುದಿಲ್ಲ ಎಂದು ಟೈಂಕೀಪರ್ ತನ್ನ ಅತ್ತೆಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ, ತಾಯಿಯಿಲ್ಲದ ಅವನನ್ನು ಸಾಕಿದವಳು. ಗಡಿಯಾರ ರಿಪೇರಿ ಮಾಡುತ್ತಿದ್ದ ಮಾವ ತೀರಿಕೊಂಡ ಮೇಲೆ ಅವಳು ದೂರದ ಊರಿನಲ್ಲಿ ಒಂದು ರೂಮು ಹಿಡಿದಳು. ಮಂಚ ಆ ರೂಮಿನ ಬಾಗಿಲಲ್ಲಿ ತೂರಲಿಲ್ಲವೆಂದು ಸಾಮಾನು ಹೊರುವವರು ಅದರ ನಾಲ್ಕೂ ಕಾಲು ಕೊಯ್ದು ಒಳಗೆ ತಳ್ಳಿದ್ದರು. ಗಂಡ ಸತ್ತಾಗ ಅಳದಿದ್ದ ಅತ್ತೆ ಅದನ್ನು ನೋಡಿ ಹೋ ಎಂದು ಅತ್ತಿದ್ದಳು. ಕುರ್ಚಿಯನ್ನು ಇವನ ಮನೆಗೆ ಸಾಗಿಸಿ, "ಇದಕ್ಕೆ ಗರಗಸ ಮುಟ್ಟಿಸಲ್ಲ ಅಂತ ಮಾತು ಕೊಡು" ಎಂದಿದ್ದಳು. ಕೊಟ್ಟಿದ್ದ. ಆಗ ಅದೇನೂ ಕಷ್ಟವಿರಲಿಲ್ಲ.

ಕಷ್ಟ ಆಮೇಲೆ ಬಂತು. ಹೆಂಡತಿ ತೀರಿಹೋಗಿ ಎರಡು ವರ್ಷ. ಮಗಳಿಗೆ ಆರು ವರ್ಷ. ಸ್ಕೂಲು ಒಂಬತ್ತಕ್ಕೆ, ಬಸ್ ಡಿಪೋದ ಡ್ಯೂಟಿ ಬೆಳಗಿನ ಐದಕ್ಕೆ. ನಿದ್ದೆಗಣ್ಣಿನ ಹುಡುಗಿಯನ್ನು ದುಪ್ಪಟಿ ಸಮೇತ ಪಕ್ಕದ ಮನೆ ಅಕ್ಕನಿಗೆ ಒಪ್ಪಿಸಿ ಓಡಿದರೂ, ಬೇರೆಯವರು ತಡವಾಗಿ ಬಂದದ್ದನ್ನು ಬರೆದಿಡಬೇಕಾದ ಮನುಷ್ಯ ತಾನೇ ದಿನಾ ತಡ. "ಇನ್ನೊಂದ್ಸಲ ಲೇಟಾದ್ರೆ ಬರೋ ತೊಂದರೆನೇ ತಗೋಬೇಡಿ" ಎಂದಿದ್ದರು ಮ್ಯಾನೇಜರು. ಅಕ್ಕನೂ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಬೇರೆ ಊರಿಗೆ ಹೊರಟಿದ್ದಳು. ಇನ್ನು ಉಳಿದವಳು ಅತ್ತೆ ಒಬ್ಬಳೇ.

ಅತ್ತೆಗೆ ಮಂಡಿನೋವು. ಒಬ್ಬರೇ ಇರಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಒಲ್ಲದ ಮನಸ್ಸಿನಿಂದಲೇ ಫೋನು ಮಾಡಿದ್ದಳು.

"ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ ಕಣೋ. ಹೋದ ಸಲದ ಹಾಗಾದ್ರೆ ಮಾತ್ರ ಬಂದ ಬಸ್ಸಿಗೇ ವಾಪಸ್ಸು."

ಹೋದ ಸಲ ಅವಳು ಮಾವನ ಕುರ್ಚಿಯಲ್ಲಿ ಕೂತವಳು ಏಳಲಾರದೆ ಸಿಕ್ಕಿಕೊಂಡಿದ್ದಳು. ಅದು ತಗ್ಗು ಕುರ್ಚಿ. ಇವನೊಂದು ರಟ್ಟೆ, ಅಕ್ಕನೊಂದು ರಟ್ಟೆ ಹಿಡಿದು, ಬಾವಿಗೆ ಬಿದ್ದ ಕೊಡ ಎತ್ತಿದ ಹಾಗೆ ಎತ್ತಿದ್ದರು. "ಮೂಟೆ ಥರ ಎತ್ತಿಸ್ಕೊಂಡು ಯಾರ ಮನೇಲೂ ಇರಲ್ಲ ನಾನು" ಎಂದು ಅವಳು ಆವತ್ತೇ ಹೊರಟಿದ್ದಳು. ಬೇರೆ ಕುರ್ಚಿ ಹಾಕಿದರೆ ಕೂರುವವಳೂ ಅಲ್ಲ.

ಅಂತೂ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕುರ್ಚಿ ಎತ್ತರಿಸಲು ಬಡಗಿ ಬಂದ. ಅವನು ಹೆಚ್ಚಾಗಿ ಮಾಡುತ್ತಿದ್ದುದು ಶವಪೆಟ್ಟಿಗೆ. ಎತ್ತರ ತಗ್ಗು ಎಂದು ಇದುವರೆಗೆ ಯಾವ ಗಿರಾಕಿಯೂ ದೂರಿರಲಿಲ್ಲ. ಹಿಂದಿನ ದಿನವೇ ಅಳತೆ ಒಯ್ದು, ಹಳೇ ಬಾಗಿಲಿನ ಮರದಲ್ಲಿ ಮೂರು ಮೂರು ಇಂಚಿನ ನಾಲ್ಕು ತುಂಡು ಕಡೆದು ತಂದಿದ್ದ. ಗರಗಸ ಕಂಡದ್ದೇ ಟೈಂಕೀಪರನ ಧೈರ್ಯ ಉಡುಗಿತು.

"ಕೊಯ್ಯೋ ಬದಲು ಕಾಲ ಕೆಳಗೇ ಮರದ ತುಂಡು ಕೊಟ್ರೆ ಆಗಲ್ವಾ?"

ಕುರ್ಚಿಯ ಪಾದಗಳು ಹುಲಿಯ ಪಂಜದ ಆಕಾರದಲ್ಲಿದ್ದವು. ಬಡಗಿ ಅವನ್ನು ನೋಡಿದ. "ಕೊಡಬಹುದು. ಹುಲಿ ಚಪ್ಪಲಿ ಹಾಕ್ಕೊಂಡ ಹಾಗಿರುತ್ತೆ."

"ಸೀಟಿನ ಮೇಲೆ ದಿಂಬು?"

"ಅವರು ಕೂತ್ರೆ ದಿಂಬೂ ಕೂತ್ಕೊಳ್ಳುತ್ತೆ. ನೋಡಿ, ಪಂಜದ ಮೇಲೆ ಬಳೆ ಥರ ಕಡೆದಿದಾರಲ್ಲ, ಅಲ್ಲಿ ಕೊಯ್ದು ಮಧ್ಯೆ ನಮ್ಮ ತುಂಡು ಸೇರಿಸ್ತೀನಿ. ಜೋಡಿಸಿದ ಗುರುತು ಬಳೆಯೊಳಗೆ ಮುಚ್ಚಿಹೋಗುತ್ತೆ. ಹುಟ್ಟಿದಾಗಿಂದ ಹೀಗೇ ಇತ್ತು ಅನ್ನಬೇಕು."

"ಕೊಯ್ಯದೆ ಆಗೋದೇ ಇಲ್ಲ?"

"ಹೊಟ್ಟೆ ಕೊಯ್ಯದೆ ಆಪರೇಷನ್ ಆಗುತ್ತಾ ಸಾರ್?"

ಗರಗಸ ಎಳೆದ ಶಬ್ದಕ್ಕೆ ಟೈಂಕೀಪರ್ ಅಂಗಳಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಒಳಗೆ ಬಂದಾಗ ಕುರ್ಚಿ ಎದ್ದು ನಿಂತಿತ್ತು. ಕಾಲುಗಳು ಮಾತ್ರ ನಡುವೆ ಬಿಳಿಚಿಕೊಂಡಿದ್ದವು.

"ಇದಕ್ಯಾಕೆ ತಲೆ ಕೆಡಿಸ್ಕೋತೀಯಾ, ತಮ್ಮಾ?" ಎನ್ನುತ್ತ ಪಕ್ಕದ ಮನೆ ಅಕ್ಕ ಬೂಟ್ ಪಾಲಿಶ್ ಡಬ್ಬಿ ತಂದು, ಬೇಡ ಬೇಡ ಎನ್ನುವಷ್ಟರಲ್ಲಿ ಒಂದು ಕಾಲಿಗೆ ತಿಕ್ಕಿಯೇ ಬಿಟ್ಟಳು. ಅದು ಕಪ್ಪು ಪಾಲಿಶ್. ಹುಲಿ ಒಂದೇ ಕಾಲಿಗೆ ಕಾಲುಚೀಲ ಹಾಕಿದಂತಾಯಿತು. ಅದನ್ನು ಕೆರೆದು, ಕಂದು ಬಣ್ಣ ಬೆರೆಸಿ, ಹಚ್ಚಿ, ಒರೆಸಿ, ಮತ್ತೆ ಹಚ್ಚುವಷ್ಟರಲ್ಲಿ ಗಂಟೆ ಹನ್ನೆರಡು. ಆದರೂ ಕೊನೆಗೆ ಹೊಸದು ಯಾವುದು, ಹಳೆಯದು ಯಾವುದು ಎಂದು ಬಡಗಿಗೇ ತಿಳಿಯದಂತೆ ಕೂಡಿಕೊಂಡಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಎದುರು ಮನೆಯ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು ಬಂದರು. ಪೆನ್ಸಿಲನ್ನು ತೋಳಿನುದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಸಿಕ್ಕಿಬೀಳ್ತೀಯ ಕಣಯ್ಯಾ. ಬೆಳೆದಿದೀನಿ ಅಂತ ಕುರ್ಚಿ ಹೇಳಲ್ಲ, ಪಕ್ಕದ ಟೀಪಾಯಿ ಹೇಳುತ್ತೆ."

ಟೀಪಾಯಿಗೂ ಮೂರು ಇಂಚು ಏರಿಸಿದರು. ಟೀಪಾಯಿ ಏರಿದ ಮೇಲೆ ಗೋಡೆಯ ಮೇಲಿನ ಮಾವನ ಫೋಟೋ ಇಳಿದಂತೆ ಕಂಡಿತು. "ಸತ್ತವರು ಇನ್ನೂ ಮೂರು ಇಂಚು ಮೇಲೆ ಹೋದ್ರೆ ಒಳ್ಳೇದೇ" ಎಂದು ಬಡಗಿ ಹೊಸ ಮೊಳೆ ಹೊಡೆದ. ಅಂಗೈಯಗಲ ಗಾರೆ ಟೈಂಕೀಪರನ ತಲೆಯ ಮೇಲೆ ಉದುರಿತು. ಫೋಟೋ ಹಿಂದೆಯೇ ಕಿಟಕಿಯ ಪರದೆ, ಅಂಗಿ ಗೂಟ, ಕನ್ನಡಿ ಎಲ್ಲವೂ ಮೇಲೇರಿದವು. ಮೂರು ಗಂಟೆಗೆ ಟೈಂಕೀಪರ್ ತಲೆಯ ಗಾರೆ ಒರೆಸಿಕೊಳ್ಳಲು ಕನ್ನಡಿ ನೋಡಿದರೆ ಅವನ ಗದ್ದವೇ ಕಾಣಲಿಲ್ಲ. ಆ ಮನೆಯಲ್ಲಿ ಏಳಿಗೆಯಾಗದೆ ಉಳಿದವನು ಅವನೊಬ್ಬನೇ.

ನಾಲ್ಕಕ್ಕೆ ಅತ್ತೆ ಕೋಲೂರಿಕೊಂಡು ಬಂದಳು. ಬಡಗಿಯೂ ಹೋಗಿರಲಿಲ್ಲ, ಮೇಷ್ಟ್ರು, ಅಕ್ಕ, ಮಗಳು, ಎಲ್ಲರೂ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಅತ್ತೆ ಕೋಣೆಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, ಕುರ್ಚಿಯ ಕೈ ಸವರಿದಳು.

"ಏನೂ ಮಾಡಿಸಿಲ್ಲ ತಾನೆ ಇದಕ್ಕೆ?"

"ಇಲ್ಲ ಅತ್ತೆ."

ಕೂತಳು. ಎದ್ದಳು! ಅವಳೇ ಬೆಚ್ಚಿಬಿದ್ದು ಮತ್ತೆ ಕೂತಳು, ಮತ್ತೆ ಎದ್ದಳು. ಮೂರನೆಯ ಸಲ ಕೋಲನ್ನೂ ಹಿಡಿಯಲಿಲ್ಲ. ಟೈಂಕೀಪರನ ಕಣ್ಣು ತುಂಬಿ ಬಂತು. ಮೇಷ್ಟ್ರು ಬಡಗಿಯ ಬೆನ್ನು ತಟ್ಟಿದರು.

"ಅದೇ ಕುರ್ಚಿ, ಅದೇ ತಗ್ಗು" ಎಂದಳು ಅತ್ತೆ. ಅವಳ ಮುಖಕ್ಕೆ ಹತ್ತು ವರ್ಷ ವಯಸ್ಸು ಇಳಿದಂತಿತ್ತು. "ಹೋದ ಸಲ ಇಬ್ಬರು ಎಳೆದಿದ್ರಿ. ಈಗ ನಾನೇ ಎದ್ದೆ. ಅಂದ್ರೆ ಏನರ್ಥ ಹೇಳು?"

"ಏನು ಅತ್ತೆ?"

"ನನ್ನ ಮಂಡಿ ವಾಸಿಯಾಗಿದೆ ಕಣೋ! ಆ ಡಾಕ್ಟರು ಸುಮ್ಮನೆ ಹೆದರಿಸಿಬಿಟ್ಟ. ಇನ್ಯಾಕೆ ನಿನ್ನ ಮೇಲೆ ಭಾರವಾಗಿ ಬೀಳ್ಲಿ? ರೂಮಿನ ಬೀಗದ ಕೈ ಇನ್ನೂ ನನ್ನ ಹತ್ರಾನೇ ಇದೆ. ಆರರ ಬಸ್ಸಿಗೆ ಹೊರಡ್ತೀನಿ."

ಗೋಡೆಗೆ ಒರಗಿದ್ದವರೆಲ್ಲ ಟೈಂಕೀಪರನ ಮುಖ ನೋಡಿದರು. ಗರಗಸದ ವಿಷಯ ಹೇಳಿದರೆ ಅವಳು ಅತ್ತುಕೊಂಡು ಹೋಗುತ್ತಾಳೆ, ಹೇಳದಿದ್ದರೆ ನಗುತ್ತ ಹೋಗುತ್ತಾಳೆ.

"ಅತ್ತೆ, ಮಗಳನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ. ನೀವಿಲ್ದಿದ್ರೆ ನನ್ನ ಕೆಲಸಾನೇ ಹೋಗುತ್ತೆ."

"ನೆಪ ಹೇಳ್ಬೇಡ. ಮುದುಕಿ ಮನಸ್ಸಿಗೆ ನೋವಾಗದ ಹಾಗೆ ಉಳಿಸ್ಕೋಬೇಕು ಅಂತ ತಾನೆ? ಸಾಕಿದವಳು ನಾನು, ನಿನ್ನ ಸುಳ್ಳು ನನಗೆ ಗೊತ್ತಾಗಲ್ವಾ?"

ಆ ದಿನವಿಡೀ ಅವನು ಆಡಿದ ಒಂದೇ ಒಂದು ನಿಜ ಅದು.

ಬಸ್ ಸ್ಟಾಂಡಿಗೆ ಅತ್ತೆ ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಮಗಳು ಅವಳ ಸೆರಗು ಹಿಡಿದು, "ಅಜ್ಜಿ, ನಾಳೆ ಇರಲ್ವಾ?" ಎಂದು ಕೇಳುತ್ತಲೇ ಇದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಅತ್ತೆ ಕಂಬಿ ಹಿಡಿದು ಹಾಗೇ ನಿಂತಳು. ನೋವಿಗೆ ಮುಖ ಕಿವುಚಿದಳು. ಕಂಡಕ್ಟರ್ ಕೈಹಿಡಿದು ಎಳೆದ, ಹಿಂದಿನವರು ತಳ್ಳಿದರು, ಅಂತೂ ಒಳಗೆ ಸೇರಿದಳು.

ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು: "ಏನೋ, ಈ ಬಸ್ಸಿನ ಮೆಟ್ಟಿಲು ಈಚೆಗೆ ಎತ್ತರ ಮಾಡ್ಸಿದೀರೇನೋ?"

"ಹೌದತ್ತೆ" ಎಂದ ಟೈಂಕೀಪರ್.

ಬಸ್ಸು ಹೊರಟಿತು. ಕೊಟ್ಟ ಮಾತು ಮುರಿದಿತ್ತು. ಅತ್ತೆಗೆ ಅದು ಗೊತ್ತಾಗಲೇ ಇಲ್ಲ.