ಗುರುಬಲ ಮತ್ತು ಹಳೇ ಲೈಬ್ರರಿ

ಮಧುಗಿರಿಯಲ್ಲಿ ಯಾರಿಗೆ ಯಾವ ಭಯವಾದರೂ ಶಾಂತಿ ಹೇಳುವವನು ನಾನು. ಸಾಡೇಸಾತಿಗೆ ಎಳ್ಳುದೀಪ, ಕೆಟ್ಟ ಕನಸಿಗೆ ರುದ್ರಾಭಿಷೇಕ. ಆದರೆ ಮೊನ್ನೆ ನನಗೇ ಭಯವಾದಾಗ ಒಂದು ಮಂತ್ರವೂ ನೆನಪಿಗೆ ಬರಲಿಲ್ಲ.

ನಮ್ಮ ಮನೆಯ ಕಂಪ್ಯೂಟರಿಗೆ ಇಬ್ಬರು ಯಜಮಾನರು. ನಾನು ಅದರಲ್ಲಿ ಜಾತಕ ಹಾಕುತ್ತೇನೆ. ನನ್ನ ಹೆಂಡತಿ ಗಿರಿಜ ಬ್ಲೌಸಿನ ಎಂಬ್ರಾಯ್ಡರಿಗೆ ಡಿಸೈನ್ ಮಾಡಿ ಮೆಷಿನ್ನಿಗೆ ಕಳಿಸುತ್ತಾಳೆ. ಮೊನ್ನೆ ಕಂಪ್ಯೂಟರು ಜಾಗ ಸಾಲದು ಎಂದು ಗೊಣಗಿತು. ಒಳಗೆ ಏನೇನಿದೆ ಎಂದು ತೆಗೆದು ನೋಡಿದರೆ, ಪ್ರೋಗ್ರಾಂಗಳು ನಡೆಯಲು ಬೇಕಾದ ಲೈಬ್ರರಿ ಎಂಬ ಫೈಲು, ಒಂದೇ ಹೆಸರಿನದು, ನಾಲ್ಕೈದು ಇಸವಿಯದು ಕೂತಿದೆ! ಯುಗಾದಿ ಆದಮೇಲೆ ಹಳೇ ಪಂಚಾಂಗ ಯಾರಿಗೆ ಬೇಕು? ಹೊಸದೊಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಕಿತ್ತು ಹಾಕಿದೆ. ಜಾತಕದ ಪ್ರೋಗ್ರಾಂ ಸಲೀಸಾಗಿ ತೆರೆಯಿತು. ಎಂಬ್ರಾಯ್ಡರಿಯದು ತೆರೆಯಲಿಲ್ಲ. ಅದಕ್ಕೆ ಹಳೇ ಲೈಬ್ರರಿಯೇ ಬೇಕಂತೆ, ಹೊಸದು ಒಗ್ಗುವುದಿಲ್ಲವಂತೆ. ಕಿತ್ತದ್ದನ್ನು ಮತ್ತೆ ಎಲ್ಲಿಂದ ತರುವುದೋ ನನಗೆ ತಿಳಿಯದು.

ಮೆಷಿನ್ನಿನಲ್ಲಿ ಕೂತಿದ್ದದ್ದು ಕೊರಟಗೆರೆಯ ಹುಡುಗಿಯೊಬ್ಬಳ ನಿಶ್ಚಿತಾರ್ಥದ ಬ್ಲೌಸು. ಬೆನ್ನಿನ ನವಿಲು ಮುಗಿದಿತ್ತು, ತೋಳಿನ ಬಳ್ಳಿ ಇನ್ನೂ ಕಂಪ್ಯೂಟರಿನೊಳಗೇ ಇತ್ತು. ನಾಳಿದ್ದೇ ನಿಶ್ಚಿತಾರ್ಥ, ಮುಹೂರ್ತ ಇಟ್ಟುಕೊಟ್ಟವನೂ ನಾನೇ. ಗಿರಿಜ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು. ಅಷ್ಟರಲ್ಲಿ ಹುಡುಗಿಯ ತಾಯಿಯ ಫೋನು.

“ಅಯ್ನೋರೇ, ಬ್ಲೌಸ್ ಆಯ್ತಾ? ಮಗಳು ಒಂದೇ ಸಮ ಕೇಳ್ತಾವ್ಳೆ.”

ಹೆದರಿದವನ ಬಾಯಿಗೆ ಬೀಗವಿಲ್ಲ. “ಅಮ್ಮಾ, ಐದು ದಿನ ಮುಂದಕ್ಕೆ ಹಾಕಿದ್ರೆ ಗುರುಬಲ ಇನ್ನೂ ಗಟ್ಟಿ” ಎಂದುಬಿಟ್ಟೆ.

“ಹಂಗಾ! ನಮ್ಮ ಯಜಮಾನ್ರನ್ನ ಕೇಳ್ತೀನಿ ತಡೀರಿ” ಎಂದು ಫೋನಿಟ್ಟರು.

ಗಿರಿಜ ಮುದ್ದೆಕೋಲು ಹಿಡಿದೇ ಈಚೆ ಬಂದಳು. “ಏನ್ರೀ, ಬೆಳಿಗ್ಗೆ ಇಲ್ದಿದ್ದ ಗುರುಬಲ ಈಗೆಲ್ಲಿಂದ ಬಂತು?”

ಎಲ್ಲ ಒಪ್ಪಿಕೊಂಡೆ. ಅವಳು ಮೆಷಿನ್ನಿನ ಜೊತೆ ಬಂದಿದ್ದ ಪೆನ್‌ಡ್ರೈವ್ ತಂದು, ಹಳೇ ಲೈಬ್ರರಿಯನ್ನು ವಾಪಸ್ ಹಾಕಿದಳು. ಹಳೆಯದೂ ಹೊಸದೂ ತಂಟೆ ತಕರಾರಿಲ್ಲದೆ ಪಕ್ಕಪಕ್ಕ ಕೂತವು. ಸೂಜಿಯ ಟಕಟಕ ಶುರುವಾಯಿತು. ಸದ್ಯ, ಬದುಕಿದೆ ಎಂದುಕೊಂಡೆ.

ಮತ್ತೆ ಫೋನು. “ಅಯ್ನೋರೇ, ನೀವು ಹೇಳ್ದಂಗೇ ಐದು ದಿನ ಮುಂದಕ್ಕೆ ಹಾಕ್ಬುಟ್ವಿ. ಅವತ್ತು ಛತ್ರಾನೂ ಖಾಲಿ ಐತಂತೆ, ನಮ್ಮ ಪುಣ್ಯ ನೋಡಿ! ಎಲ್ಲಾರ್ಗೂ ಹೇಳ್ಬುಡ್ತೀನಿ.”

ಛತ್ರ ಖಾಲಿಯೇ? ಇಷ್ಟೊಂದು ಮದುವೆಗಳಿರುವಾಗ? ಅನುಮಾನ ಬಂದು ಜಾತಕದ ಪ್ರೋಗ್ರಾಮಿನಲ್ಲಿ ಆ ದಿನವನ್ನು ಹಾಕಿ ನೋಡಿದೆ.

ಅಮಾವಾಸ್ಯೆ.

ಗಿರಿಜ ಹಿಂದಿನಿಂದ ಇಣುಕಿ ನೋಡಿ, ಫೋನನ್ನು ನನ್ನ ಕೈಗೇ ಇಟ್ಟಳು. “ತಗಳಿ, ಇಲ್ಲೂ ಹಳೇದನ್ನೇ ವಾಪಸ್ ಹಾಕಿ.”

ಸಾಡೇಸಾತಿಯಾದರೆ ಎಳ್ಳುದೀಪ ಹಚ್ಚಿ ಸುಮ್ಮನಿರಬಹುದಿತ್ತು.